ಖಾಲಿ ಗಾಡಿಗೆ ಹೆಚ್ಚಿನ ಪಾಟಾ

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಬಳಿ ಬಂದರೆ ಎಂಜಿನ್ನಿನ ಬಗ್ಗೆ ಕೇಳುತ್ತಾರೆ. ಪಾಟಾದ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಗಾಡಿಯ ಅಡಿಯಲ್ಲಿ ಕೆಸರು ಮೆತ್ತಿಕೊಂಡು ಇರುವ ವಸ್ತು. ಅದನ್ನು ನೋಡಬೇಕೆಂದರೆ ಅಂಗಾತ ಮಲಗಿ ತೆವಳಬೇಕು, ಕಣ್ಣಿಗೆ ಮಣ್ಣು ಬೀಳಿಸಿಕೊಳ್ಳಬೇಕು. ಇಷ್ಟೆಲ್ಲ ಯಾರಿಗೆ ಬೇಕಾಗಿದೆ? ಆದರೆ ನಾನು ಜೀವಮಾನದಲ್ಲಿ ತಿಂದ ರೊಟ್ಟಿ ಬಹುಪಾಲು ಪಾಟಾದ್ದೇ. ಬೋಲ್ಟು ಬಿಗಿಯುವ ಪಾನಾ ಕೈಯಲ್ಲಿ ಹಿಡಿಯಲು ಆಗದ ಈ ವಯಸ್ಸಿನಲ್ಲಿ ಬರೆಯುವುದಾದರೆ ಅದರ ಬಗ್ಗೆಯೇ ಬರೆಯುತ್ತೇನೆ. ಬೇಸರವಾದವರು ಎದ್ದು ಹೋಗಬಹುದು.

ಪಾಟಾ ಎಂದರೆ ಕಮಾನು ಪಟ್ಟಿ. ಗಾಡಿಯ ಚಾಸಿಗೂ ಎಕ್ಸಲ್ಲಿಗೂ ನಡುವೆ, ಉದ್ದದ್ದಕ್ಕೆ ಗಿಡ್ಡದ್ದು ಸೇರಿಸಿ ಒಟ್ಟಾಗಿ ಬಿಗಿದ ಉಕ್ಕಿನ ಪಟ್ಟಿಗಳು. ಹೊಸ ಗಾಡಿ ಕೊಂಡವನು ಅರಿಶಿನ ಕುಂಕುಮ ಆರುವ ಮೊದಲೇ ಬಂದು "ಹಿಂದ ಎರಡು ಪಾಟಾ ಜಾಸ್ತಿ ಹಾಕ್ರಿ" ಎನ್ನುತ್ತಾನೆ. ಹೆಚ್ಚು ಭಾರ ಹೇರಬಹುದು, ಹಿಂಭಾಗ ಕುಸಿಯುವುದಿಲ್ಲ, ನಿಂತಾಗ ಗಾಡಿ ಎತ್ತರವಾಗಿ ಕಾಣುತ್ತದೆ. ಎಲ್ಲವೂ ನಿಜ. ಆದರೆ ಗಾಡಿ ಖಾಲಿ ಹೋಗುವ ದಿನದ ಮಾತನ್ನು ಅವನು ಎತ್ತುವುದೇ ಇಲ್ಲ. ಗಟ್ಟಿ ಪಾಟಾ ಭಾರ ಬಿದ್ದಾಗ ಮಾತ್ರ ಬಾಗುತ್ತದೆ. ಭಾರವಿಲ್ಲದಿದ್ದರೆ ಅದು ಬರೀ ಕಬ್ಬಿಣ. ರಸ್ತೆಯ ಒಂದೊಂದು ಕಲ್ಲೂ ನೇರವಾಗಿ ಕೂತವರ ಬೆನ್ನಿಗೆ ಬಡಿಯುತ್ತದೆ. ಹಾಕುವುದು ಲಾಭವೋ ನಷ್ಟವೋ ಎಂಬುದು ಪಾಟಾ ನೋಡಿದರೆ ಗೊತ್ತಾಗುವುದಿಲ್ಲ. ಹೋಗುವಾಗ ಏನು ಹೇರುತ್ತೀರಿ, ಬರುವಾಗ ಏನು ಹೇರುತ್ತೀರಿ, ಅದನ್ನು ಮೊದಲು ಕೇಳಬೇಕು.

ಇದನ್ನು ನಾನು ಕಲಿತದ್ದು ಆಳಂದದಲ್ಲಿ, ಒಬ್ಬ ಉಸ್ತಾದರ ಕೈ ಕೆಳಗೆ. ಆಗ ನಮ್ಮದು ನಿಜಾಮನ ಸೀಮೆ. ಯುದ್ಧ ಮುಗಿದು ಮಿಲಿಟರಿಯವರು ಹರಾಜಿಗೆ ಹಾಕಿದ ಸಣ್ಣ ಲಾರಿಗಳು ನಮ್ಮ ಕಡೆ ಬಂದಿದ್ದವು. ಈಗ ನೀವು ಪಿಕಪ್ ಎನ್ನುತ್ತೀರಲ್ಲ, ಅಂಥವು. ಉಸ್ತಾದರ ಹೆಸರು ಕರೀಮಸಾಬ. ಬಾಯಿ ಹರಕು, ಕೋಪ ಮೂಗಿನ ತುದಿಯಲ್ಲಿ. ತಾವು ಕಟ್ಟಿದ ಪಾಟಾ ಹೈದರಾಬಾದಿನವರೂ ಬಿಚ್ಚಲಾರರು ಎಂಬ ಜಂಬ ಬೇರೆ. ನಾನು ಬೋಲ್ಟು ಒಂದು ಸುತ್ತು ಕಡಿಮೆ ಬಿಗಿದರೆ ಇಡೀ ಪೇಟೆಗೆ ಕೇಳುವಂತೆ, "ಶರಣ್ಯಾ, ನಿನ್ನ ಕೈಗೇನು ಮೆಹಂದಿ ಹಚ್ಯಾರೇನ್ಲೇ?" ಎಂದು ಕೂಗುತ್ತಿದ್ದರು. ಮಧ್ಯಾಹ್ನ ತಮ್ಮ ಬುತ್ತಿಯ ಉಪ್ಪಿನಕಾಯಿಯನ್ನು ನನ್ನ ರೊಟ್ಟಿಯ ಮೇಲೆ ಹಾಕುತ್ತಿದ್ದವರೂ ಅವರೇ.

ಆ ಉಸ್ತಾದರು ನಿಜಾಮನ ಆಳ್ವಿಕೆ ಮುಗಿಸಿದ ಪೋಲೀಸ್ ಆ್ಯಕ್ಷನ್ ಆದ ಮೇಲೆ ಉಳಿಯಲಿಲ್ಲ. ಗ್ಯಾರೇಜಿಗೆ ಹಾಡುಹಗಲೇ ಬೆಂಕಿ ಇಟ್ಟರು. ಸುತ್ತ ನಿಂತು ನೋಡಿದವರಲ್ಲಿ ಅವರ ಕೈಯಲ್ಲಿ ಗಾಡಿ ರಿಪೇರಿ ಮಾಡಿಸಿಕೊಂಡವರೂ ಇದ್ದರು. ಉಸ್ತಾದರ ಹೆಂಡತಿ ಮಕ್ಕಳು ಎತ್ತ ಹೋದರೆಂದು ಎಷ್ಟು ವಿಚಾರಿಸಿದರೂ ನನಗೆ ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಆಗದು. ಕೆಲಸದ ವಿಷಯಕ್ಕೆ ಬರುತ್ತೇನೆ.

ಕೆಲಸದಲ್ಲಿ ಉಸ್ತಾದರೂ ತಪ್ಪು ಮಾಡಿದವರೇ. ಅಫಜಲಪುರದ ಹತ್ತಿ ವ್ಯಾಪಾರಿಯೊಬ್ಬನ ಸಣ್ಣ ಲಾರಿ ಬಂದಿತ್ತು. ಹೊಸ ಪಾಟಾ ಎಲ್ಲಿಯೂ ಸಿಗುತ್ತಿರಲಿಲ್ಲ. ಗಡಿಯಾಚೆಯಿಂದ ಸಾಮಾನು ಬರುವುದು ನಿಂತುಹೋಗಿತ್ತು, ಪೆಟ್ರೋಲಿಗೇ ಗತಿ ಇರಲಿಲ್ಲ. ಆತ ಅವಸರ ಮಾಡಿದ. ಉಸ್ತಾದರು ಎತ್ತಿನ ಬಂಡಿಯ ಗಾಲಿಗೆ ಸುತ್ತಿದ ಕಬ್ಬಿಣದ ಹಳಿಯನ್ನು ಕಾಯಿಸಿ, ಬಡಿದು, ಬಾಗಿಸಿ ಪಾಟಾದ ಜೊತೆ ಸೇರಿಸಿದರು. ನೋಡಲು ಬಲು ಚೆಂದ ಕೂತಿತು. ಆದರೆ ಹಳಿಯದು ಮೆತ್ತನೆಯ ಕಬ್ಬಿಣ, ಒಮ್ಮೆ ಬಾಗಿದರೆ ಬಾಗಿಯೇ ಉಳಿಯುತ್ತದೆ. ಭೀಮೆಯ ದಂಡೆಗೆ ಇಳಿಯುವ ಕಡೆ ಒಂದು ಮಗ್ಗುಲು ಕುಸಿದು, ಹತ್ತಿಯ ಅಂಡಿಗೆಗಳ ಮೇಲೆ ಕೂತಿದ್ದ ಹಮಾಲನೊಬ್ಬ ಕೆಳಗೆ ಬಿದ್ದ. ಅವನ ಸೊಂಟ ಮತ್ತೆ ಸರಿಹೋಗಲಿಲ್ಲ. ಸುದ್ದಿ ಬಂದ ದಿನ ಉಸ್ತಾದರು ಯಾರಿಗೂ ಬೈಯಲಿಲ್ಲ. ಅವತ್ತಿನಿಂದ ಗ್ಯಾರೇಜಿನಲ್ಲಿ ಬಂಡಿಯ ಹಳಿ ಮುಟ್ಟುವುದು ಬಂದಾಯಿತು. ಹಳೆಯ ಗಾಡಿಯ ಪಾಟಾ ಬಿಚ್ಚಿ ತಂದು, ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು, ಬಿರುಕಿಲ್ಲದ ನಾದ ಕೇಳಿಯೇ ಹಾಕುತ್ತಿದ್ದೆವು.

ಜೇವರ್ಗಿಯ ಗಾಡಿಯದು ಇದಕ್ಕೆ ತದ್ವಿರುದ್ಧ. ಅಲ್ಲೊಬ್ಬ ಶಹಾಬಾದಿ ಕಲ್ಲು ಸಾಗಿಸುವವನಿದ್ದ. ಹೋಗುವಾಗ ಹಾಸುಗಲ್ಲು, ಬರುವಾಗ ಸುಣ್ಣ. ಗಾಡಿ ಖಾಲಿ ಓಡಿದ್ದೇ ಇಲ್ಲ. ಅವನಿಗೆ ಹಾಕಿಕೊಟ್ಟ ಹೆಚ್ಚಿನ ಪಾಟಾ ನಾನು ಕಂಡಂತೆ ಒಮ್ಮೆಯೂ ತಕರಾರು ಮಾಡಲಿಲ್ಲ. ಖಾಲಿ ಬರುವವರು ಬೆನ್ನು ಹಿಡಿದುಕೊಂಡು ಬೈಯುವ ಪಾಟಾಕ್ಕೂ ಇದಕ್ಕೂ ಅದೇ ಕೆಲಸ, ಅದೇ ಕೈ, ಅಂಥದೇ ಗಾಡಿ. ವ್ಯತ್ಯಾಸ ಇದ್ದದ್ದು ಮೇಲಿನ ಭಾರದಲ್ಲಿ.

ಇನ್ನು ಮಾದನಹಿಪ್ಪರಗಿಯ ಮಲ್ಕಣ್ಣ ಸಾವ್ಕಾರರ ಗಾಡಿಯ ವಿಷಯ. ಇದನ್ನು ಬರೆಯುವುದಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆದೆ ಎಂದರೂ ನಡೆದೀತು.

ಸಾವ್ಕಾರರದು ಹೊಲಮನೆ, ಧಾನ್ಯದ ವ್ಯಾಪಾರ. ಬೆಳಗ್ಗೆ ಎದ್ದು ಲಿಂಗಪೂಜೆ ಮಾಡಿ, ಮೇಲು ಕೀಳಿಲ್ಲ ಎಂಬ ಶರಣರ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದ ಮನೆ. ಧಾನ್ಯ ಗಡಿ ದಾಟಿಸಬಾರದೆಂದು ಹುಕುಂ ಇದ್ದ ಕಾಲದಲ್ಲೂ ಅವರ ಲಾರಿ ಹತ್ತಿಯ ಅಡಿಯಲ್ಲಿ ಜೋಳ ಇಟ್ಟುಕೊಂಡು ಸೊಲ್ಲಾಪುರದ ಕಡೆ ಹೋಗುತ್ತಿತ್ತು. ಗಡಿಯ ಹತ್ತಿರ ಗಾಡಿ ತಪಾಸಣೆ ಮಾಡುವ ನಾಕಾದವರು ಚೀಲ ಎಣಿಸುತ್ತಿರಲಿಲ್ಲ. ಗಾಡಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಪಾಟಾ ನೋಡುತ್ತಿದ್ದರು. ಹತ್ತಿ ಹೇರಿದ ಗಾಡಿ ಅಷ್ಟಾಗಿ ಕುಸಿಯುವುದಿಲ್ಲ. ಕುಸಿದಿದ್ದರೆ ಅಡಿಯಲ್ಲಿ ಇನ್ನೇನೋ ಇದೆ ಎಂದು ಲೆಕ್ಕ. ಅದಕ್ಕೇ ಸಾವ್ಕಾರರು ಹೆಚ್ಚಿನ ಪಾಟಾ ಹಾಕಿಸಿದ್ದರು. ಕುಸಿಯದ ಗಾಡಿ ಎಷ್ಟೋ ಸಲ ಸಲೀಸಾಗಿ ದಾಟಿತ್ತು. ಲಾಭವೋ ನಷ್ಟವೋ ಎಂದು ಕೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು.

ಸಾವ್ಕಾರರಿಗೆ ಹೆಂಡತಿ ಇರಲಿಲ್ಲ, ಇದ್ದವಳು ಮಗಳು ನೀಲಮ್ಮ ಒಬ್ಬಳೇ. ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯದು ನಿಂತಿತ್ತು, ಎಂಟು ತುಂಬಿತ್ತು. ಹೆರಿಗೆಗೆಂದು ತವರಿಗೆ ಬಂದವಳು ಇಲ್ಲಿಯೇ ಸಿಕ್ಕಿಬಿದ್ದಳು. ೪೮ರ ಆ ಬೇಸಗೆಯಲ್ಲಿ ಹಳ್ಳಿ ಹಳ್ಳಿಗೆ ಬಂದೂಕು ಹಿಡಿದ ಗುಂಪುಗಳು ಬರುತ್ತಿದ್ದವು. ಜನ ಮನೆಗೆ ಬೀಗ ಹಾಕಿ ಗಡಿಯಾಚೆ ಹೋಗುತ್ತಿದ್ದರು. ಪಕ್ಕದ ಊರು ಸುಟ್ಟ ಹೊಗೆ ಕಂಡ ದಿನ ಸಾವ್ಕಾರರು ಮಗಳನ್ನು ಗಂಡನ ಮನೆಗೆ ಮುಟ್ಟಿಸುವುದೆಂದು ನಿರ್ಧರಿಸಿದರು. ರೈಲಿನಲ್ಲಿ ಹೋದರೆ ಬಂದೂಕಿನವರು ನಡುವೆ ಇಳಿಸುತ್ತಿದ್ದರು, ಎತ್ತಿನ ಬಂಡಿ ನಿಧಾನ. ಉಳಿದದ್ದು ಲಾರಿ. ಸೂಲಗಿತ್ತಿ ಒಂದೇ ಮಾತು ಹೇಳಿದ್ದಳಂತೆ: ಮೈ ಕುಲುಕಬಾರದು.

ಡ್ರೈವರ್ ಓಡಿಹೋಗಿದ್ದ. ಸಾವ್ಕಾರರು ತಾವೇ ಗ್ಯಾರೇಜಿಗೆ ಬಂದು, ಸೊಲ್ಲಾಪುರದ ತನಕ ಗಾಡಿ ಓಡಿಸುತ್ತೀಯಾ ಎಂದು ನನ್ನನ್ನು ಕೇಳಿದರು. ನಾನು ಒಪ್ಪಿದೆ. ಉಸ್ತಾದರು ಗಾಡಿಯ ಕೆಳಗಿಂದ ಎದ್ದು ಬಂದು ಕೈ ಒರೆಸಿಕೊಂಡರು.

"ಸಾವ್ಕಾರ್ರ, ಮಗಳನ್ನ ಕೂಡ್ರಿಸಿ ಒಯ್ಯೂದಿದ್ರ ಆ ಪಾಟಾ ಬಿಚ್ಚಿಸ್ರಿ. ಖಾಲಿ ಗಾಡಿ ಕುದುರಿಗತೆ ಜಿಗಿತದ."

"ಖಾಲಿ ಯಾಕ ಒಯ್ಲಿ, ಉಸ್ತಾದ? ಜ್ವಾಳ ಹೇರತೇನಿ. ಭಾರ ಇದ್ರ ಮೆತ್ತಗ ಹೋಗ್ತದಂತ ನೀವಾ ಹೇಳೀರಿ."

"ಜ್ವಾಳ ಬ್ಯಾಡ್ರಿ. ಈಗ ನಾಕಾದಾಗ ಸಲಾಕಿ ಹಾಕಿ ಚುಚ್ಚಿ ನೋಡ್ಲಾಕತ್ತಾರ. ಕಸಗೊಂಡ್ರ ನಡುಹಾದ್ಯಾಗ ಗಾಡಿ ಖಾಲಿ ಆಗ್ತದ. ಭಾರಾನೇ ಬೇಕಂದ್ರ ಶಹಾಬಾದಿ ಕಲ್ಲು ಹೇರ್ರಿ. ಕಲ್ಲು ಯಾರೂ ಕಸಗೊಳ್ಳೂದಿಲ್ಲ."

ಸಾವ್ಕಾರರ ಮುಖ ಕೆಂಪಾಯಿತು. "ತವರಮನ್ಯಾಗ ಬಾಣಂತನ ಮಾಡೂದು ಬಿಟ್ಟು ಬಸುರಿ ಮಗಳನ್ನ ಗಂಡನ ಮನಿಗಿ ಕಳಸಾಕತ್ತೇನಿ. ಅದಾ ನನಗ ನಾಚಿಕಿ ಆಗ್ಯಾದ. ಮ್ಯಾಲ ಬೀಗರ ಬಾಗಿಲಿಗಿ ಕಲ್ಲು ತಗೊಂಡು ಹೋಗ್ಲೇನು? ನಮ್ಮ ಮಂದಿ ಏನಂದಾರು?"

ಈಗಿನವರಿಗೆ ಇದು ಹುಚ್ಚುತನವಾಗಿ ಕಾಣಬಹುದು. ಆಗ ಚೊಚ್ಚಲ ಬಾಣಂತನ ತವರಿನ ಮರ್ಯಾದೆಯ ವಿಷಯ. ಅದು ತಪ್ಪಿತಲ್ಲ ಎಂದು ಆ ಮನುಷ್ಯ ಒಳಗೊಳಗೇ ಬೇಯುತ್ತಿದ್ದರು. ಬಿಳಿಜೋಳ ತುಂಬಿಕೊಂಡು ಹೋದರೆ ಮಗಳನ್ನು ಬರಿಗೈಯಲ್ಲಿ ಕಳಿಸಿದರೆಂಬ ಮಾತು ಬರುವುದಿಲ್ಲ, ಅಷ್ಟೇ ಅವರ ಲೆಕ್ಕ. ದುರಾಸೆಯಿಂದ ಅಲ್ಲ. ಉಸ್ತಾದರು ಇನ್ನೆರಡು ಸಲ ಹೇಳಿ, ಕೊನೆಗೆ ತಲೆ ಕೆಟ್ಟು, "ನಿಮ್ಮ ಗಾಡಿ, ನಿಮ್ಮ ಮಗಳು" ಎಂದು ಮತ್ತೆ ಕೆಳಗೆ ತೂರಿದರು. ಪಾಟಾ ಬಿಚ್ಚಲಿಲ್ಲ.

ಬೆಳಗಾಗುತ್ತಲೇ ಹೊರಟೆವು. ಜೋಳದ ಚೀಲಗಳ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗಾದಿ, ಅದರ ಮೇಲೆ ನೀಲಮ್ಮ. ಗಾಡಿ ನಿಜಕ್ಕೂ ಮೆತ್ತಗೆ ಹೋಯಿತು. ಕರಿಮಣ್ಣಿನ ಗಾಲಿಜಾಡುಗಳಲ್ಲಿ ಕೂಡ ತೂಗುವ ತೊಟ್ಟಿಲಂತೆ ಹೋಯಿತು. "ಶರಣಣ್ಣಾ, ನನಗ ನಿದ್ದಿ ಬರಾಕತ್ತದ" ಎಂದು ಹಿಂದಿನಿಂದ ಆಕೆ ಹೇಳಿದ್ದು ಕೇಳಿ ಸಾವ್ಕಾರರು ನನ್ನ ಕಡೆ ನೋಡಿ ಮೀಸೆ ತಿರುವಿದರು. ಉಸ್ತಾದರಿಗೆ ಬುದ್ಧಿ ಕಲಿಸಿದ ಖುಷಿ.

ನಾಕಾದಲ್ಲಿ ಆ ಖುಷಿ ಹೋಯಿತು. ನಾಕೇದಾರ ಪಾಟಾ ನೋಡಿದ, ಎದ್ದು ನಿಂತ, ಸಲಾಕೆ ತರಿಸಿ ಗಾದಿಯ ಪಕ್ಕದಲ್ಲೇ ಚುಚ್ಚಿದ. ಸಲಾಕೆಯ ತೂತಿನಿಂದ ಜೋಳ ಸುರಿಯಿತು. ಜೊತೆಗಿದ್ದ ಬಂದೂಕಿನವರು ನಗುತ್ತ ಗಾಡಿ ಹತ್ತಿದರು. ಸಾವ್ಕಾರರು ಕೈ ಮುಗಿದರು, ರುಮಾಲು ತೆಗೆದು ಕಾಲ ಬಳಿ ಇಟ್ಟರು. "ಹೆಣ್ಣುಮಗಳನ್ನ ಬಿಡ್ತೇವಿ, ಅದಾ ನಿಮ್ಮ ನಸೀಬ" ಎಂದ ನಾಕೇದಾರ. ಚೀಲಗಳೆಲ್ಲ ಇಳಿದವು. ನೀಲಮ್ಮನನ್ನು ಎಬ್ಬಿಸಿ ನೆರಳಿಲ್ಲದ ಕಡೆ ನಿಲ್ಲಿಸಿದರು. ಖಾಲಿ ಹಲಗೆಯ ಮೇಲೆ ಹುಲ್ಲು ಗಾದಿ ಮತ್ತೆ ಹಾಸಿದೆ. ಗಾಡಿಯ ಹಿಂಭಾಗ ಎದ್ದು ನಿಂತಿತು.

ನಾಕಾದ ಬಗಲಲ್ಲಿ ರಸ್ತೆಗೆ ಹಾಕುವ ಜಲ್ಲಿಯ ಗುಡ್ಡೆ ಇತ್ತು. ಒಂದು ಬುಟ್ಟಿ ಎತ್ತಿ ಗಾಡಿಗೆ ಸುರಿದೆ, ಇನ್ನೊಂದಕ್ಕೆ ಬಗ್ಗಿದಾಗ ಬಂದೂಕಿನ ಹಿಡಿಯಿಂದ ಬೆನ್ನಿಗೆ ಬಿತ್ತು. ಸರಕಾರಿ ಕಲ್ಲು ಕದಿಯುತ್ತೀಯೇನೋ ಎಂದು ಕೇಳಿದರು. ಭಾರಕ್ಕೆ ಬೇಕು, ಬಸುರಿ ಇದ್ದಾಳೆ ಎಂದು ತಿಳಿಸಿ ಹೇಳಿದರೆ ಇನ್ನೂ ಜೋರಾಗಿ ನಕ್ಕರು. ತಿರುಗಿ ಹೋಗುವಂತೆಯೂ ಇರಲಿಲ್ಲ. ಹಿಂದೆ ಹೊಗೆ ಏಳುತ್ತಿತ್ತು.

ಗಡಿ ಇನ್ನೂ ದೂರವಿತ್ತು. ನಾಕಾ ಮರೆಯಾದ ಕೂಡಲೇ ಗಾಡಿ ನಿಲ್ಲಿಸಿ ಹಿಂದಿನ ಟೈರುಗಳ ಗಾಳಿ ಅರ್ಧ ಬಿಟ್ಟೆ. ಇಂಥ ಹೊತ್ತಿನಲ್ಲಿ ಮೆಕ್ಯಾನಿಕ್ ಮಾಡಬಹುದಾದದ್ದು ಅಷ್ಟೇ, ಹೊಸಬರು ನೆನಪಿಟ್ಟುಕೊಳ್ಳಿ. ಸ್ವಲ್ಪ ಮೆತ್ತಗಾಯಿತು, ಸಾಲದು. ಅಲ್ಲಿಂದ ಮುಂದೆ ಬರೀ ಗರಸು, ಮೊನಚು ಕಲ್ಲು. ಮನುಷ್ಯ ನಡೆಯುವ ವೇಗದಲ್ಲೇ ಒಯ್ದರೂ ಗಾಡಿಯ ಹಿಂಭಾಗ ಎತ್ತಿ ಎತ್ತಿ ಒಗೆಯುತ್ತಿತ್ತು. ಪಕ್ಕದ ಹಲಗೆಯನ್ನು ನೀಲಮ್ಮ ಹಿಡಿದುಕೊಂಡ ಸದ್ದು ಕೇಳುತ್ತಿತ್ತು.

ಆಗ ಮುಂದೆ ಜನ ಕಂಡರು. ಗಂಟು ಮೂಟೆ ಹೊತ್ತು ಗಡಿಯ ಕಡೆ ನಡೆಯುತ್ತಿದ್ದ ಗುಂಪು. ಗಂಡಸರು, ಹೆಂಗಸರು, ಹೆಗಲ ಮೇಲೆ ಮಕ್ಕಳು. ನನಗೆ ಜೀವ ಬಂದಂತಾಯಿತು. ಗಾಡಿ ನಿಲ್ಲಿಸಿ, "ಸಾವ್ಕಾರ್ರ, ಇವ್ರನ್ನ ಹತ್ತಿಸ್ಕೊಳ್ಳೂಣು. ಭಾರ ಬೀಳ್ತದ, ಪಾಟಾ ಬಾಗ್ತದ" ಎಂದೆ.

ಸಾವ್ಕಾರರು ತಲೆ ಹೊರಗೆ ಹಾಕಿ ಕೇಳಿದರು, "ಯಾವೂರವ್ರು? ಯಾ ಓಣ್ಯಾಗಿನವ್ರು?"

ಮುಂದಿದ್ದ ಮುದುಕಿ ದೂರ ಸರಿದು ನಿಂತು, "ಹೊಲಗೇರ್ಯಾಗಿನವ್ರು ಇದ್ದೇವ್ರಿ, ಎಪ್ಪಾ" ಎಂದಳು.

ಸಾವ್ಕಾರರು ತಲೆ ಒಳಗೆ ಎಳೆದುಕೊಂಡರು. "ನಡಿ" ಎಂದರು.

"ಸಾವ್ಕಾರ್ರ, ಹಿಂದ ನೀಲಮ್ಮ..."

"ಬೀಗರ ಮನಿಗಿ ಹೋಗೂದದ. ಮುಂದ ಬ್ಯಾರೆ ಮಂದಿ ಸಿಗ್ತಾರ. ನಡಿ ಅಂದ್ರ ನಡೀಲೇ!"

ಗಾಡಿ ಅವರದು, ಮಾತು ಅವರದು. ಗೇರು ಹಾಕಿದೆ. ಮುದುಕಿ ಧೂಳು ಬಡಿಯದಂತೆ ಸೆರಗಿನಿಂದ ಒಂದು ಮಗುವಿನ ಮುಖ ಮುಚ್ಚಿದ್ದು ಕಂಡಿತು.

ಮುಂದೆ ಬೇರೆ ಮಂದಿ ಸಿಗಲಿಲ್ಲ. ಒಂದು ನಾಯಿ ಕೂಡ ಸಿಗಲಿಲ್ಲ. ಸಿಕ್ಕಿದ್ದು ಒಣಗಿದ ಹಳ್ಳ, ಅದರ ತುಂಬ ಗುಂಡುಗಲ್ಲು. ನಾನು ಒಂದೊಂದು ಕಲ್ಲಿಗೂ ಗಾಲಿ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ ದಾಟುತ್ತಿದ್ದೆ. ಹಳ್ಳದ ನಡುವೆ ಹಿಂಭಾಗ ಒಮ್ಮೆ ಮೇಲೆ ಹಾರಿ ಬಿತ್ತು. ನೀಲಮ್ಮ, "ಅಪ್ಪಾ!" ಎಂದು ಚೀರಿದಳು. ಗಾದಿ ಒದ್ದೆಯಾಗಿತ್ತು. ನೀರು, ಅದರ ಹಿಂದೆಯೇ ರಕ್ತ.

ಸಾವ್ಕಾರರು ಇಳಿದು ನೋಡಿದರು. ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದರು. ಅಷ್ಟು ದಪ್ಪ ಮನುಷ್ಯ, ರುಮಾಲಿಲ್ಲದ ತಲೆಯಲ್ಲಿ, ಮೆಟ್ಟು ಒಂದು ಕಡೆ ಬಿದ್ದರೂ ನಿಲ್ಲದೆ ಓಡಿದರು. ಹಳ್ಳದ ದಂಡೆಯ ಮೇಲೆ ಆ ಗುಂಪು ಆಗಷ್ಟೇ ಕಾಣಿಸಿಕೊಂಡಿತ್ತು. ಸಾವ್ಕಾರರು ಅವರ ಮುಂದೆ ಎರಡೂ ಕೈ ಜೋಡಿಸಿ ನಿಂತರು.

"ಬರ್ರೆವ್ವಾ, ಗಾಡಿ ಹತ್ರಿ. ಎಲ್ಲಾರೂ ಹತ್ರಿ. ನನ್ನ ಮಗಳನ್ನ ಉಳಿಸ್ರಿ."

ಮುದುಕಿ ತಲೆಯ ಗಂಟು ಇಳಿಸದೆ ಅವರನ್ನೇ ನೋಡಿದಳು. "ಹತ್ತೇವ್ರಿ, ಎಪ್ಪಾ. ಆದ್ರ ನಾವು ಈಗೂ ಅದಾ ಓಣ್ಯಾಗಿನವ್ರಾ ಇದ್ದೇವ್ರಿ."

ಅವಳು ಉತ್ತರಕ್ಕೆ ಕಾಯಲಿಲ್ಲ. ಗಂಟನ್ನು ಸೊಸೆಯ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಹಳ್ಳಕ್ಕಿಳಿದು ಬಂದಳು. ಉಳಿದವರೂ ಬಂದರು. ಅವರೆಲ್ಲ ಹತ್ತಿದಾಗ ಗಾಡಿಯ ಹಿಂಭಾಗ ಉಸಿರು ಬಿಟ್ಟಂತೆ ಕೆಳಗಿಳಿಯಿತು. ಪಾಟಾ ಬಾಗಿತು. ಮುಂದಿನ ಗುಂಡುಗಲ್ಲುಗಳ ಮೇಲೆ ಗಾಡಿ ಜಿಗಿಯದೆ, ತೂಗುತ್ತ, ನಾಕಾಕ್ಕೆ ಮೊದಲು ಹೋದಂತೆಯೇ ಹೋಯಿತು. ನನಗೆ ಬಂದ ಸಿಟ್ಟಿಗೆ ಸ್ಟೇರಿಂಗು ಕಿತ್ತು ಒಗೆಯಬೇಕೆನಿಸಿತು. ಇಷ್ಟೇ ಬೇಕಾಗಿದ್ದದ್ದು. ಮೊದಲೇ ಸಿಕ್ಕಿತ್ತು.

ಗಡಿ ದಾಟಿದ ಮೇಲೆ ಒಂದು ಬೇವಿನ ಗಿಡದ ಕೆಳಗೆ ಮುದುಕಿ ಗಾಡಿ ನಿಲ್ಲಿಸಲು ಹೇಳಿದಳು. ನಾವು ಗಂಡಸರು ಇಳಿದು ಬೆನ್ನು ತಿರುಗಿಸಿ ನಿಂತೆವು. ಹೆಂಗಸರು ಗಾಡಿಯ ಸುತ್ತಲೂ ಸೀರೆ ಹಿಡಿದರು. ಬಹಳ ಹೊತ್ತಾಯಿತು. ಮಗು ಗಂಡು. ಅಳಲಿಲ್ಲ. ಮುದುಕಿ ಅದರ ಅಂಗಾಲು ಬಡಿದಳು, ಬಾಯಲ್ಲಿ ಬಾಯಿಟ್ಟು ಊದಿದಳು, ಕೊನೆಗೆ ತನ್ನ ಗಂಟಿನಿಂದ ಒಗೆದ ಬಟ್ಟೆಯೊಂದನ್ನು ತೆಗೆದು ಸುತ್ತಿದಳು. ಸಾವ್ಕಾರರಿಗೆ ಕೊಡಲು ಕೈ ಚಾಚಿದವಳು ಅಭ್ಯಾಸಬಲದಿಂದ ಅರ್ಧಕ್ಕೇ ನಿಲ್ಲಿಸಿದಳು. ಸಾವ್ಕಾರರೇ ಮುಂದೆ ಬಂದು ಅವಳ ಕೈಗಳ ಸಮೇತ ಆ ಬಟ್ಟೆಯನ್ನು ಹಿಡಿದುಕೊಂಡು ಅತ್ತರು. ಗಂಡಸರು ಬೇವಿನ ಬುಡದಲ್ಲಿ ಕುಣಿ ತೋಡಿದರು.

ನೀಲಮ್ಮನ ಜೀವಕ್ಕೆ ಇನ್ನೂ ಭರವಸೆ ಇರಲಿಲ್ಲ, ಸೊಲ್ಲಾಪುರದ ಆಸ್ಪತ್ರೆ ದೂರವಿತ್ತು. ಆ ಜನ ತಮ್ಮ ತಮ್ಮ ಗಂಟು ಎತ್ತಿಕೊಳ್ಳತೊಡಗಿದರು. ಗಡಿ ದಾಟಿ ಆಯಿತು, ಸಾವಾದ ಮನೆಯವರ ಗಾಡಿಯಲ್ಲಿ ಇನ್ನು ತಾವು ಕೂರುವುದು ಸರಿಯಲ್ಲ ಎಂದು ಅವರಿಗೆ ಅನಿಸಿರಬೇಕು. ಮುದುಕಿ ನೀಲಮ್ಮನ ತಲೆಯನ್ನು ತೊಡೆಯಿಂದ ಮೆಲ್ಲಗೆ ಇಳಿಸಲು ಹೋದಾಗ ಆಕೆ ಕಣ್ಣು ತೆರೆದಳು. ದನಿ ಬಹಳ ಸಣ್ಣದಾಗಿತ್ತು.

"ಯಾರೂ ಇಳಿಬ್ಯಾಡ್ರಿ. ನೀವು ಇಳಿದ್ರ ಗಾಡಿ ಮತ್ತ ಜಿಗಿತದ."

ಯಾರೂ ಇಳಿಯಲಿಲ್ಲ. ಕೆಳಗಿದ್ದವರೂ ಮತ್ತೆ ಹತ್ತಿದರು. ನಾನು ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸಿ ಸೀಟಿಗೆ ಬಂದು ಕೂತೆ, ಪಕ್ಕದ ಸೀಟು ಖಾಲಿ ಇತ್ತು. ಹಿಂದೆ ತಿರುಗಿ ನೋಡಿದರೆ ಮಲ್ಕಣ್ಣ ಸಾವ್ಕಾರರು ಹಲಗೆ ಹಿಡಿದು ಹತ್ತುತ್ತಿದ್ದರು. ಮುದುಕಿ ಸರಿದು ಜಾಗ ಮಾಡಿದಳು. ಅವರು ಅವಳ ಮಗ್ಗುಲಿಗೆ ಕೂತು, ಮಗಳ ಕಾಲುಗಳನ್ನು ತಮ್ಮ ತೊಡೆಯ ಮೇಲೆ ಎತ್ತಿಕೊಂಡು, "ನಡಿಯಪ್ಪಾ ಶರಣಾ" ಎಂದರು.